ತಂಪರಹಳ್ಳಿಯ ಒರಳುಕಲ್ಲು

ರಂಜಿನಿಯ ಎಡಗಾಲಿನ ಹೆಬ್ಬೆರಳಿಗೆ ಆ ಬೆಳಿಗ್ಗೆ ಮತ್ತೆ ಪೆಟ್ಟಾಯಿತು. ಕಾಲೇಜಿನ ಬಸ್ಸಿಗೆ ಹೊತ್ತಾಯಿತೆಂದು ಅಡುಗೆಮನೆಯಿಂದ ಓಡಿ ಬರುವಾಗ ಒರಳುಕಲ್ಲಿಗೆ ಎಡವಿದ್ದಳು. ಬೇರೆಯವರ ಮನೆಯಲ್ಲಿ ಒರಳುಕಲ್ಲು ಎಂದರೆ ಮೂಲೆಯಲ್ಲಿ ಕತ್ತಿನವರೆಗೂ ನೆಲದೊಳಗೆ ಹೂತುಕೊಂಡು ತೆಪ್ಪಗೆ ಕೂತಿರುವ ವಸ್ತು. ಇವರ ಮನೆಯದು ಹಾಗಲ್ಲ, ನೆಲದ ಮೇಲೆ ಸುಮ್ಮನೆ ಇಟ್ಟದ್ದು. ಒಬ್ಬರು ರುಬ್ಬಿದರೆ ಇನ್ನೊಬ್ಬರು ಕಾಲು ಕೊಟ್ಟು ಹಿಡಿದುಕೊಳ್ಳಬೇಕು. ಗುಡಿಸುವಾಗ ಉರುಳಿಸಬೇಕು, ಒರೆಸುವಾಗ ಮತ್ತೆ ಉರುಳಿಸಬೇಕು. ಮಿಕ್ಸಿ ಬಂದ ಮೇಲಾದರೂ ಈ ಕಲ್ಲಿಗೊಂದು ಗತಿ ಕಾಣಿಸುತ್ತಾರೆಂದು ರಂಜಿನಿ ಕಾದಿದ್ದಳು. ಯಾರೂ ಕಾಣಿಸಲಿಲ್ಲ. ಕಲ್ಲು ಇದ್ದಲ್ಲೇ ಇತ್ತು, ಅಂದರೆ ದಿನಕ್ಕೊಂದು ಜಾಗದಲ್ಲಿತ್ತು.

ಅಂದು ಗಾರೆ ಕೆಲಸದ ಪುಟ್ಟಸ್ವಾಮಿಯೂ ಅದೇ ಕಲ್ಲಿನ ಮುಂದೆ ಸೊಂಟಕ್ಕೆ ಕೈಕೊಟ್ಟು ನಿಂತಿದ್ದ. ಹಳೆಯ ಮನೆಯ ನೆಲ ಕಿತ್ತು ಟೈಲ್ಸ್ ಹಾಕುವ ಕೆಲಸ. ನಡುಮನೆ ಮುಗಿದಿತ್ತು, ಅಡುಗೆಮನೆ ಬಾಕಿ. ಮೂಲೆಯಲ್ಲಿ ಒರಳಿಗೆಂದು ಒಂದು ಗುಂಡಿಯನ್ನು ಅವನೇ ತೋಡಿಟ್ಟಿದ್ದ. ಈ ಕಲ್ಲನ್ನು ಹೂಳಬೇಕೋ ಇಲ್ಲ ಆಚೆಗೆ ಎಸೆಯಬೇಕೋ, ಎರಡರಲ್ಲಿ ಒಂದು ಹೇಳಿ, ಬೇರೆ ಕಡೆ ಕೆಲಸ ಒಪ್ಪಿಕೊಂಡಿದ್ದೀನಿ ಎಂದು ರಂಜಿನಿಯ ಅಪ್ಪ ಮಂಚಯ್ಯನ ಪ್ರಾಣ ತಿನ್ನುತ್ತಿದ್ದ. ಮಂಚಯ್ಯ ತನ್ನ ಅವ್ವನ ಕಡೆ ನೋಡಿದ. ಅವನು ಐವತ್ತು ವರ್ಷದಿಂದಲೂ ಈ ವಿಷಯದಲ್ಲಿ ಅವ್ವನ ಕಡೆ ನೋಡುವುದನ್ನು ಬಿಟ್ಟು ಬೇರೇನೂ ಮಾಡಿದವನಲ್ಲ.

ಲಕ್ಕಮ್ಮ ಜಗಲಿಯ ಮೇಲೆ ಕಾಲು ನೀಡಿ ಕೂತು ಅಡಿಕೆ ಕುಟ್ಟುತ್ತಿದ್ದಳು. ತೊಂಬತ್ತು ದಾಟಿದ ಜೀವ. ಕಣ್ಣು ಮಂಜಾಗಿದ್ದರೂ ನಾಲಿಗೆ ಮಂಜಾಗಿರಲಿಲ್ಲ.

"ಊಳ್‌ಬ್ಯಾಡ ಕಣಪ್ಪ," ಎಂದಳು. "ಯುದ್ದ ಮುಗೀತು ಅಂತ ಯಾರೂ ಬಂದು ಏಳ್ನಿಲ್ಲ."

ಪುಟ್ಟಸ್ವಾಮಿ ಹೊರಗಿನವನು, ಶಾಂತಿಗ್ರಾಮದವನು. ಯಾವ ಯುದ್ಧ ಎಂದು ಬಾಯಿಬಿಟ್ಟ. ರಂಜಿನಿ ಹಲ್ಲು ಕಚ್ಚಿದಳು. ಈ ಮಾತು ಕೇಳಿ ಕೇಳಿ ಅವಳ ಕಿವಿ ತೂತು ಬಿದ್ದಿತ್ತು.

ಲಕ್ಕಮ್ಮ ಹೇಳುತ್ತಿದ್ದ ಯುದ್ಧ ಎಂಬತ್ತು ವರ್ಷಕ್ಕೂ ಹಿಂದಿನದು, ಜರ್ಮನಿ ಜಪಾನಿನವರ ಕಾಲದ್ದು. ಆಗ ಲಕ್ಕಮ್ಮ ಲಂಗ ಎತ್ತಿಕಟ್ಟಿ ಕರು ಮೇಯಿಸುವ ಹುಡುಗಿ. ಊರು ಅತ್ತಿಕೊಪ್ಪಲು, ಹೊಳೆನರಸೀಪುರ ದಾಟಿ ಅರಕಲಗೂಡಿನ ಕಡೆ ಹೋಗುವ ದಾರಿಯಲ್ಲಿ ಒಳಗೆ ಸಿಗುತ್ತಿತ್ತು. ಒಂದು ದಿನ ಮಿಲಿಟರಿ ಲಾರಿಗಳು ಬಂದು ನಿಂತವು. ಇಲ್ಲಿ ದಂಡಿನವರಿಗೆ ಕವಾಯತಿನ ಬಯಲು ಬೇಕು, ಹೊತ್ತು ಮುಳುಗುವುದರೊಳಗೆ ಖಾಲಿ ಮಾಡಿ ಎಂದರು. ದೊಡ್ಡವರ ತೋಟಗಳು ಉಳಿದವು, ಕೇರಿ ಹೋಯಿತು. ನಕ್ಷೆಯಲ್ಲಿ ಗೆರೆ ಎಳೆದವನ ಕೈ ಎಲ್ಲಿ ಬಳುಕಬೇಕೋ ಅಲ್ಲಿ ಸರಿಯಾಗಿ ಬಳುಕಿತ್ತು. ಕೈಯಲ್ಲಿ ಎತ್ತಿಕೊಳ್ಳುವಷ್ಟು ಸಾಮಾನು ಮಾತ್ರ ಎಂದರು. ನೆಲದಡಿಯ ಹಗೇವಿನಲ್ಲಿ ಆ ವರ್ಷದ ರಾಗಿ ತುಂಬಿಟ್ಟಿತ್ತು. ಹಗೇವು ತೆಗೆದರೆ ಒಳಗಿನ ಬಿಸಿಗಾಳಿ ಆರುವವರೆಗೆ ಯಾರೂ ಇಳಿಯುವಂತಿಲ್ಲ, ಅಷ್ಟು ಪುರುಸೊತ್ತು ಯಾರು ಕೊಟ್ಟರು? ರಾಗಿ ಅಲ್ಲೇ ಉಳಿಯಿತು. ಲಕ್ಕಮ್ಮನ ಅವ್ವ ಬೆಳ್ಳಮ್ಮ ಒಳಗೆ ಹೋದವಳು ಹಾರೆ ತಗೊಂಡು ನೆಲದಲ್ಲಿ ಹೂತಿದ್ದ ಒರಳನ್ನು ಮೀಟಿ ಎಬ್ಬಿಸಿ, ಉರುಳಿಸಿಕೊಂಡು ಬಂದು ಲಾರಿಯ ಹತ್ತಿರ ನಿಲ್ಲಿಸಿದಳು. ಸಿಪಾಯಿಗಳು ನಕ್ಕರು. ಆದರೂ ಇಬ್ಬರು ಕೈ ಹಾಕಿ ಮೇಲೆತ್ತಿಕೊಟ್ಟರು.

ಅವರನ್ನು ತಂದು ಇಳಿಸಿದ್ದು ಶಾಂತಿಗ್ರಾಮದಿಂದ ಆಚೆ, ಕಲ್ಲು ಮುಳ್ಳಿನ ಈ ದಿಣ್ಣೆಯಲ್ಲಿ. ಒಂದು ಗೂಟಕ್ಕೆ ತಗಡು ಹೊಡೆದು ಅದರ ಮೇಲೆ ಇಂಗ್ಲಿಷಿನಲ್ಲಿ ಏನೋ ಬರೆದಿದ್ದರು. ಓದು ಬರುತ್ತಿದ್ದವನು ಲಾರಿ ಡ್ರೈವರ್ ಒಬ್ಬನೇ. ಅವನು ಓದಿ ಹೇಳಿದ: ಟೆಂಪರರಿ ಕ್ಯಾಂಪ್. ಹಾಗೆಂದರೇನೆಂದು ಕೇಳಿದಾಗ, ಸ್ವಲ್ಪ ದಿನಕ್ಕೆ ಮಾತ್ರ, ಯುದ್ಧ ಮುಗಿದ ಮೇಲೆ ಬಂದು ಹೇಳ್ತಾರೆ, ವಾಪಸ್ಸು ಹೋಗಬಹುದು ಎಂದ. ಹೇಳುವ ಕೆಲಸವಿದ್ದವರು ಆಮೇಲೆ ಬರಲೇ ಇಲ್ಲ. ಕೆಲವು ಕಾಲಕ್ಕೆ ತಗಡು ತುಕ್ಕು ಹಿಡಿದು ಬಿತ್ತು, ಹೆಸರು ಮಾತ್ರ ಜನರ ಬಾಯಲ್ಲಿ ಉಳಿಯಿತು. ಟೆಂಪ್ರವರಿ, ಟೆಂಪ್ರಳ್ಳಿ, ಹಾಗೇ ಸವೆದು ಸವೆದು ತಂಪರಹಳ್ಳಿ.

ಬೆಳ್ಳಮ್ಮ ಸಾಯುವವರೆಗೂ ಆ ಒರಳನ್ನು ಹೂಳಲಿಲ್ಲ. ಅದರ ಗುಂಡಿ ಅಲ್ಲಿದೆ, ಇಲ್ಲಿ ಇನ್ನೊಂದು ಗುಂಡಿ ತೋಡಿದರೆ ಊರನ್ನೇ ಹೂತ ಹಾಗೆ ಎನ್ನುತ್ತಿದ್ದಳಂತೆ. ಒಬ್ಬಳೇ ಮಗಳು ಲಕ್ಕಮ್ಮ ಅದೇ ಹಟ ಹಿಡಿದಳು. ಯುದ್ಧ ಯಾವತ್ತೋ ಮುಗೀತು ಅಜ್ಜಿ, ನಮ್ಮ ಪಾಠದಲ್ಲೇ ಇದೆ ಎಂದು ರಂಜಿನಿ ಎಷ್ಟು ಸಲ ಹೇಳಿರಲಿಲ್ಲ? ಪಾಠ ಬರೆದೋರು ನಮ್ಮನ್ನ ಕರ್ಕೊಂಡು ಬಂದೋರಲ್ವಲ್ಲ ಎನ್ನುತ್ತಿದ್ದಳು ಮುದುಕಿ. ಟಿವಿಯಲ್ಲಿ ಎಲ್ಲೋ ಬಾಂಬು ಬಿದ್ದು ಮನೆಗಳು ಉರಿಯುವುದನ್ನು ತೋರಿಸಿದರೆ, ನೋಡು, ಇನ್ನೂ ನಡೀತಾನೆ ಐತೆ ಎಂದು ಬೆರಳು ತೋರಿಸುತ್ತಿದ್ದಳು. ಮಂಚಯ್ಯ ಒಮ್ಮೆ ಅತ್ತಿಕೊಪ್ಪಲಿಗೆ ಹೋಗಿ ನೋಡಿ ಬಂದು, ಅಲ್ಲೀಗ ಮಿಲಿಟರಿಯೂ ಇಲ್ಲ ಕೇರಿಯೂ ಇಲ್ಲ, ಯಾರದೋ ಆಲೂಗಡ್ಡೆ ಹೊಲ, ಸುತ್ತ ತಂತಿಬೇಲಿ ಎಂದು ಹೇಳಿದ. ಬೇಲಿ ಹಾಕವ್ರೆ ಅಂದ್ರೆ ಇನ್ನೂ ಅವ್ರೆ ಅಂತಾಯ್ತು ಎಂದಳು. ಇಂಥವರ ಹತ್ತಿರ ವಾದ ಮಾಡುವುದಕ್ಕಿಂತ ಒರಳಿನ ಹತ್ತಿರ ಮಾಡುವುದು ಮೇಲು.

ಆದರೆ ಆ ಬೆಳಿಗ್ಗೆ ಬಸ್ಸಿನಲ್ಲಿ ಬೆರಳು ನೀವಿಕೊಳ್ಳುತ್ತ ಕೂತಾಗ ರಂಜಿನಿಗೆ ಒಂದು ಉಪಾಯ ಹೊಳೆಯಿತು. ಅಜ್ಜಿ ಕೇಳುತ್ತಿರುವುದಾದರೂ ಏನು? ಯಾರಾದರೂ ಬಂದು ಹೇಳಬೇಕು, ಅಷ್ಟೇ. ಸರ್ಕಾರದ ಒಬ್ಬ ಮನುಷ್ಯ, ಒಂದು ಮಾತು. ಅದನ್ನು ಹೇಳಿಸಿಬಿಟ್ಟರೆ ಕಲ್ಲು ನೆಲ ಸೇರುತ್ತದೆ, ಅಜ್ಜಿಯ ಜೀವಕ್ಕೂ ನೆಮ್ಮದಿ. ಈ ಮುದುಕಿ ಕಾಯುತ್ತಲೇ ಕಣ್ಣು ಮುಚ್ಚಿಬಿಟ್ಟರೆ ಎಂಬುದು ಅವಳನ್ನು ಒಳಗೊಳಗೇ ತಿನ್ನುತ್ತಿದ್ದ ಭಯ. ಸಿಟ್ಟಿನ ಕೆಳಗೆ ಇದ್ದದ್ದು ಅದೇ.

ಕಾಲೇಜು ಬಿಟ್ಟ ಮೇಲೆ ಹಾಸನದಲ್ಲಿ ಒಂದು ಸರ್ಕಾರಿ ಕಚೇರಿಗೆ ಹೋದಳು. ಕಿಟಕಿಯ ಹಿಂದಿನವರು ವಿಷಯ ಕೇಳಿ ಪಕ್ಕದ ಕಿಟಕಿ ಅಂದರು, ಪಕ್ಕದ ಕಿಟಕಿಯವರು ಮಹಡಿ ಅಂದರು, ಮಹಡಿಯವರು ಕಾಫಿಗೆ ಹೋಗಿದ್ದರು. ಕಾಯ್ದು ಕೂತ ಮೇಲೆ ಬಂದವರು, ಯುದ್ಧ ನಮ್ಮ ಸೆಕ್ಷನ್ನಿಗೆ ಬರಲ್ಲಮ್ಮ ಎಂದು ಬಹಳ ಮರ್ಯಾದೆಯಿಂದಲೇ ಹೇಳಿದರು. ಬೈದಿದ್ದರೆ ಜಗಳವನ್ನಾದರೂ ಆಡಬಹುದಿತ್ತು. ಯಾರೂ ಬೈಯಲಿಲ್ಲ. ಅವಳು ಕೆಂಪು ಬಸ್ಸಿನಲ್ಲಿ ನಿಂತುಕೊಂಡು ಊರಿಗೆ ಬಂದಳು.

ಊರ ಬಾಗಿಲಲ್ಲಿ ಇಳಿದಾಗ ಹೊಸ ಸ್ವಾಗತ ಕಮಾನಿಗೆ ಬಣ್ಣ ಬಳಿಯುತ್ತಿದ್ದರು. ಪಂಚಾಯ್ತಿ ಮೆಂಬರ್ ಪ್ರಸನ್ನಕುಮಾರ್ ಓಡಾಡಿ ಮಾಡಿಸಿದ ಕಮಾನು. ಭಾನುವಾರ ಉದ್ಘಾಟನೆ, ತಾಲ್ಲೂಕಿನಿಂದ ದೊಡ್ಡ ಸಾಹೇಬರೇ ಬರುತ್ತಾರೆಂದು ಅವನು ಬೀಗುತ್ತಿದ್ದ. ರಂಜಿನಿಯ ಮುಖ ಅರಳಿತು. ತಾನು ಹುಡುಕಿಕೊಂಡು ಹೋದ ಸರ್ಕಾರ ತಾನೇ ಮನೆ ಬಾಗಿಲಿಗೆ ಬರುತ್ತಿದೆ. ಆಮೇಲೆ ಅವಳು ಕಮಾನಿನ ಮೇಲಿನ ಅಕ್ಷರ ಓದಿದಳು. "ತಂಪಾದ ಊರು ತಂಪರಹಳ್ಳಿಗೆ ಸುಸ್ವಾಗತ."

ಆ ತಂಪು ಮನೋಹರ ಮೇಷ್ಟರ ತಲೆಯಿಂದ ಇಳಿದದ್ದು. ಹೈಸ್ಕೂಲಿನಲ್ಲಿ ಕನ್ನಡ ಕಲಿಸುವ ಅವರಿಗೆ ಊರ ಹೆಸರುಗಳ ಮೂಲ ಹುಡುಕುವ ಗೀಳು. ಹಿಂದೆ ದಂಡೆತ್ತಿ ಹೊರಟ ರಾಜನೊಬ್ಬ ಇಲ್ಲಿಯ ಮರಗಳ ತಂಪಿನಲ್ಲಿ ದಣಿವಾರಿಸಿಕೊಂಡನೆಂದು ಬರೆದು, ಅದನ್ನೇ ಸ್ವಾಗತ ಭಾಷಣ ಮಾಡಿ, ಒಳ್ಳೆಯ ಧ್ವನಿಯ ಹುಡುಗಿಯೆಂದು ರಂಜಿನಿಯ ಕೈಗೇ ಕೊಟ್ಟಿದ್ದರು. ಅವಳು ಹೋಗಿ, ಸಾರ್, ಇದು ತಂಪಲ್ಲ, ಟೆಂಪರರಿ, ನಮ್ಮಜ್ಜಿ ಬಂದಾಗ ಇಲ್ಲಿ ನೆರಳಿಗೆ ಒಂದು ಗಿಡವೂ ಇರಲಿಲ್ಲ ಎಂದಳು. ಮೇಷ್ಟರು ನಕ್ಕು, ಊರಿಗೆ ಯಾರಾದರೂ ಇಂಗ್ಲಿಷ್ ಹೆಸರಿಡುತ್ತಾರೇನಮ್ಮ ಎಂದರು. ದಂಡು ಬಂದದ್ದನ್ನು ಅವರು ಸರಿಯಾಗಿಯೇ ಹಿಡಿದಿದ್ದರು. ದಣಿವಾರಿಸಿಕೊಂಡವರು ಯಾರು ಎನ್ನುವುದೊಂದು ತಪ್ಪಿತ್ತು.

ಪ್ರಸನ್ನಕುಮಾರನ ಹತ್ತಿರ ಹೋದರೆ ಅವನು ನಗಲಿಲ್ಲ. ಅವನೂ ಅದೇ ಲಾರಿಯಲ್ಲಿ ಬಂದವರ ಮೊಮ್ಮಗ. ಸುತ್ತ ಯಾರೂ ಇಲ್ಲವೆಂದು ನೋಡಿಕೊಂಡು ದನಿ ಇಳಿಸಿದ.

"ನಂಗೊತ್ತಿಲ್ವಾ ರಂಜಿನಿ? ನಮ್ಮ ಮನೆ ಅಕ್ಕುಪತ್ರ ಕೈಗೆ ಬಂದು ಇನ್ನೂ ಮಸಿ ಆರಿಲ್ಲ. ಟೆಂಪರರಿ ಅಂತ ನಾವೇ ಕಮಾನಿನ ಮ್ಯಾಲೆ ಬರೆಸ್ಕೊಂಡ್ರೆ, ನಾಳೆ ಯಾವನೋ ಬಂದು ಎದ್ದೋಗ್ರಪ್ಪ ಅಂದ್ರೆ ಏನ್ಮಾಡದು? ತಂಪು ಅಂದ್ರೆ ಯಾರಿಗೇನು ನಷ್ಟ ಏಳು."

ಅವನ ಹೆದರಿಕೆ ಸುಳ್ಳಲ್ಲ. ಅದೇ ಅವಳನ್ನು ಹೆಚ್ಚು ಕೆರಳಿಸಿತು. ಬೂವನಹಳ್ಳಿ ಕಡೆ ವಿಮಾನ ನಿಲ್ದಾಣಕ್ಕೆ ಜಮೀನು ಹಿಡಿಯುತ್ತಾರೆಂದಾಗ ಇಲ್ಲಿಯ ಮುದುಕರು ನಿದ್ದೆಗೆಟ್ಟಿದ್ದನ್ನು ಅವಳೂ ಕಂಡವಳು. ವಿಮಾನ ಎಂದರೆ ಅವರಿಗೆ ಲಾರಿಯ ಸದ್ದೇ ಕೇಳುತ್ತಿತ್ತು. ಪ್ರಸನ್ನಕುಮಾರ್ ಸುಳ್ಳು ಹೇಳುತ್ತಿದ್ದ, ಆದರೆ ಹೆದರಿ ಹೇಳುತ್ತಿದ್ದ. ಅತ್ತ ದರಿ, ಇತ್ತ ಪುಲಿ. ಕಮಾನಿನ ವಿಷಯ ಬಿಟ್ಟುಬಿಡೋಣ, ಸಾಹೇಬರ ಬಾಯಿಂದ ಆ ಒಂದು ಮಾತು ಹೇಳಿಸಿದರೆ ಸಾಕು ಎಂದು ಅವಳು ತನ್ನೊಳಗೇ ಲೆಕ್ಕ ಹಾಕಿಕೊಂಡಳು.

ಆ ಸಂಜೆ ಅಜ್ಜಿಯ ಪಕ್ಕ ಕೂತು, ಭಾನುವಾರ ಸರ್ಕಾರದವರು ಬರುತ್ತಾರೆ, ಯುದ್ಧ ಮುಗೀತು ಅಂತ ನಿನಗೇ ಹೇಳ್ತಾರೆ ಎಂದಳು. ಲಕ್ಕಮ್ಮನ ಕೈಯಲ್ಲಿದ್ದ ಅಡಿಕೆ ಕಲ್ಲು ನಿಂತಿತು.

"ಸರ್ಕಾರದೋರೇ ಬತ್ತಾರಾ? ದಿಟ್ವಾಗ್ಲೂ?"

"ದಿಟವಾಗ್ಲೂ ಅಜ್ಜಿ. ಆಮೇಲೆ ಕಲ್ಲಿನ ತಂಟೆ ತೀರ್ತದೆ, ಅಲ್ವಾ?"

"ಊಂ ಮಗ, ತೀರ್ತದೆ," ಎಂದಳು ಲಕ್ಕಮ್ಮ. ರಂಜಿನಿಗೆ ಎಷ್ಟು ಹಗುರವಾಯಿತೆಂದರೆ ಪುಟ್ಟಸ್ವಾಮಿಗೆ ಫೋನು ಮಾಡಿ, ಸೋಮವಾರ ಸಿಮೆಂಟು ಕಲಸಿಕೊಳ್ಳಿ ಎಂದು ಹೇಳಿಯೇಬಿಟ್ಟಳು.

ಭಾನುವಾರ ಬೆಳಿಗ್ಗೆ ಲಕ್ಕಮ್ಮ ಎಲ್ಲರಿಗಿಂತ ಮೊದಲು ಎದ್ದು ಮಿಂದು, ಮದುವೆ ಮುಂಜಿಗೆ ಉಡುವ ಸೀರೆ ಉಟ್ಟಳು. ಒರಳನ್ನು ಕಮಾನಿನ ಹತ್ತಿರ ಉರುಳಿಸಿಕೊಂಡು ಬಾ ಎಂದು ಮಗನಿಗೆ ಹೇಳಿದಳು. ಸಾಹೇಬರ ಮುಂದೆ ಹಟ ಬಿಡುವಾಗ ಕಲ್ಲೂ ಎದುರಿಗಿರಲಿ ಎಂದುಕೊಂಡಳೇನೋ ಎಂದು ಮಂಚಯ್ಯ, ಪಕ್ಕದ ಮನೆಯವರನ್ನು ಕರೆದುಕೊಂಡು ಉರುಳಿಸಿದ. ಕುರ್ಚಿ ಹಾಕಿದರೆ ಬೇಡವೆಂದು ಅವಳು ಒರಳಿನ ಮೇಲೆಯೇ ಕೂತಳು. ಮಡಿಲಲ್ಲಿ ಒಂದು ಬಟ್ಟೆಗಂಟು. ಎಲೆ ಅಡಿಕೆ ಇರಬೇಕೆಂದು ಯಾರೂ ಕೇಳಲಿಲ್ಲ.

ಸಾಹೇಬರು ತಡವಾಗಿ ಬಂದರು. ಚಿಕ್ಕ ವಯಸ್ಸು, ಒಳ್ಳೆಯ ಮುಖ. ಟೇಪು ಕತ್ತರಿಸಿದ್ದಾಯಿತು, ಹಾರ ಹಾಕಿದ್ದಾಯಿತು. ರಂಜಿನಿ ಮೈಕಿನ ಮುಂದೆ ನಿಂತು ಮೇಷ್ಟರ ಹಾಳೆ ಬಿಚ್ಚಿದಳು. ತಂಪಿನಲ್ಲಿ ದಣಿವಾರಿಸಿಕೊಂಡ ರಾಜನವರೆಗೆ ಓದಿದಳು, ಅಲ್ಲಿಗೆ ನಿಲ್ಲಿಸಿದಳು. ಒರಳಲ್ಲಿ ತಲೆ ಇಟ್ಟ ಮೇಲೆ ಒನಕೆ ಪೆಟ್ಟಿಗೆ ಹೆದರಿದರೆ ಆದೀತೇ? ಹಾಳೆ ಮಡಿಸಿದಳು.

ನಮ್ಮಜ್ಜಿಯನ್ನೂ ಈ ಊರಿನ ಎಲ್ಲರ ಅಜ್ಜಿ ಅಜ್ಜಂದಿರನ್ನೂ ಯುದ್ಧದ ಕಾಲದಲ್ಲಿ ಲಾರಿಯಲ್ಲಿ ತಂದು ಇಲ್ಲಿ ಬಿಟ್ಟರು, ಮುಗಿದ ಮೇಲೆ ಬಂದು ಹೇಳುತ್ತೇವೆ ಎಂದಿದ್ದರು, ಯಾರೂ ಬರಲಿಲ್ಲ, ನೀವು ಬಂದಿದ್ದೀರಿ, ದಯವಿಟ್ಟು ಹೇಳಿ ಎಂದು ಒಂದೇ ಉಸಿರಿಗೆ ಅಂದಳು. ಮನೋಹರ ಮೇಷ್ಟರು ಹಾರೈಸುವ ಹಾಗೆ ಕೈ ಎತ್ತಿದವರು ಹಾಗೇ ನಿಂತರು. ಪ್ರಸನ್ನಕುಮಾರನ ಮುಖ ಸುಣ್ಣವಾಯಿತು.

ಸಾಹೇಬರಿಗೆ ಪೂರ್ತಿ ಅರ್ಥವಾಯಿತೋ ಇಲ್ಲವೋ. ಮುದುಕಿಗೆ ಸಮಾಧಾನ ಹೇಳಬೇಕೆನ್ನುವುದು ಮಾತ್ರ ಅರ್ಥವಾಯಿತು. ವೇದಿಕೆ ಇಳಿದು ಬಂದು, ಒರಳಿನ ಮುಂದೆ ಕುಕ್ಕರಗಾಲಲ್ಲಿ ಕೂತು, ಲಕ್ಕಮ್ಮನ ಕೈ ಹಿಡಿದುಕೊಂಡರು.

"ಅಜ್ಜಿ, ಯುದ್ಧ ಮುಗಿದಿದೆ," ಎಂದರು.

ಜನ ಚಪ್ಪಾಳೆ ತಟ್ಟಿದರು. ಮೊಬೈಲುಗಳು ಮೇಲೆದ್ದವು. ರಂಜಿನಿಯ ಕಣ್ಣು ತುಂಬಿ ಬಂತು. ಇಷ್ಟು ಸಣ್ಣ ಕೆಲಸಕ್ಕೆ ಎಂಬತ್ತು ವರ್ಷವೇ ಎಂದು ಸಂಕಟವೂ ಆಯಿತು, ತಾನು ಗೆದ್ದೆ ಎಂದು ಹಿಗ್ಗೂ ಆಯಿತು. ಲಕ್ಕಮ್ಮ ಮಂಜುಗಣ್ಣಿನಿಂದ ಸಾಹೇಬರ ಮುಖವನ್ನೇ ದಿಟ್ಟಿಸಿ ನೋಡಿದಳು. ಆಮೇಲೆ ಗಂಟನ್ನು ಕಂಕುಳಿಗೆ ಸೇರಿಸಿಕೊಂಡು, ಮಗನ ಭುಜ ಹಿಡಿದು ಎದ್ದು ನಿಂತಳು.

"ಲಾರಿ ತಂದಿದ್ದೀರಾ ಸಾ?" ಎಂದು ಕೇಳಿದಳು.

"ಯಾವ ಲಾರಿ ಅಜ್ಜಿ?"

"ನಮ್ಮನ್ನ ವಾಪಸ್ ಬುಡಕ್ಕೆ."

ಚಪ್ಪಾಳೆ ಅಲ್ಲಲ್ಲೇ ಉದುರಿಹೋಯಿತು. ಸಾಹೇಬರು ನಗಲು ಹೋಗಿ, ನಗದೆ, ಪ್ರಸನ್ನಕುಮಾರನ ಕಡೆ ನೋಡಿದರು. ಅವನು ನೆಲ ನೋಡಿದ. ವಿಚಾರಿಸ್ತೀನಿ ಅಜ್ಜಿ ಎಂದು ಸಾಹೇಬರು ಮೆಲ್ಲಗೆ ಹೇಳಿದರು. ಅಷ್ಟರಲ್ಲಿ ಯಾರೋ ಮೈಕಿನಲ್ಲಿ ವಂದನಾರ್ಪಣೆ ಶುರು ಮಾಡಿದರು, ಜೀಪು ಸ್ಟಾರ್ಟ್ ಆಯಿತು, ಜನ ಉಪ್ಪಿಟ್ಟಿನ ಕಡೆ ನಡೆದರು.

ರಂಜಿನಿ ಅಜ್ಜಿಯ ಕಂಕುಳಿನ ಗಂಟನ್ನು ತೆಗೆದುಕೊಂಡಳು. ಕೈ ಜಗ್ಗಿತು. ಬಿಚ್ಚಿ ನೋಡಿದರೆ ಅಡಿಕೆ ಕುಟ್ಟುವ ಕಲ್ಲು, ಎರಡು ಸೀರೆ, ಬೆಳ್ಳಮ್ಮನ ಕಾಲದ ಒಂದು ಹಿತ್ತಾಳೆ ಲೋಟ. ತಿನ್ನಲು ಏನೂ ಇರಲಿಲ್ಲ. ದಾರಿಗೆ ಬುತ್ತಿ ಬೇಡವಾ ಅಜ್ಜಿ ಎಂದು ಕೇಳಿದಳು.

"ಹಗೇವಲ್ಲಿ ರಾಗಿ ಐತಲ್ಲ ಮಗ," ಎಂದಳು ಲಕ್ಕಮ್ಮ.

ಇಷ್ಟು ದಿನ ತಾನು ಏನು ಕೇಳುತ್ತಿದ್ದೆ ಎಂಬುದು ರಂಜಿನಿಗೆ ಆಗ ತಿಳಿಯಿತು. ಒಂದು ಮಾತು ಹೇಳಿಸಿ ಅಜ್ಜಿಯ ಬಾಯಿ ಮುಚ್ಚಿಸಲು ಹೊರಟಿದ್ದಳು. ಅಜ್ಜಿ ಕಾದದ್ದು ಮಾತಿಗಲ್ಲ. ಕಲ್ಲಿನ ತಂಟೆ ತೀರುತ್ತದೆ ಎಂದು ಅಜ್ಜಿ ಒಪ್ಪಿದ್ದೂ ಇಲ್ಲಿ ಹೂಳಲು ಅಲ್ಲ, ಅಲ್ಲಿಯ ಗುಂಡಿಗೆ ಒಯ್ಯಲು. ಅವಳಿಗೆ ಸಾಹೇಬರ ಮೇಲೆ, ಮೇಷ್ಟರ ಮೇಲೆ, ತಗಡಿನ ಮೇಲೆ ಬರೆದವರ ಮೇಲೆ, ಎಲ್ಲರಿಗಿಂತ ಹೆಚ್ಚು ತನ್ನ ಮೇಲೆ ಸಿಟ್ಟು ಬಂತು. ಅಳು ಬಂದರೆ ಅದಕ್ಕೂ ಸಿಟ್ಟು ಬರುವಂಥ ಸಿಟ್ಟು.

ಲಕ್ಕಮ್ಮನಿಗೆ ಸಿಟ್ಟೇನೂ ಬಂದಿರಲಿಲ್ಲ. ಒರಳಿನ ಮೇಲೆ ಮತ್ತೆ ಕೂತು, "ಇವ್ನು ಏಳಕ್ಕೆ ಬಂದೋನು. ಕರ್ಕೊಂಡೋಗೋನು ಇನ್ನೊಬ್ಬ ಇರ್ತಾನೆ. ಬತ್ತಾನೆ ತಗಾ," ಎಂದು ಮೊಮ್ಮಗಳಿಗೇ ಸಮಾಧಾನ ಹೇಳಿದಳು. ಮಧ್ಯಾಹ್ನದವರೆಗೂ ಇಬ್ಬರೂ ಕಮಾನಿನ ಪಕ್ಕದಲ್ಲಿ ಕೂತಿದ್ದರು. ಹೆದ್ದಾರಿಯ ಕಡೆ ಲಾರಿಯ ಸದ್ದಾದಾಗಲೆಲ್ಲ ಮುದುಕಿ ಕತ್ತು ಎತ್ತುತ್ತಿದ್ದಳು. ರಂಜಿನಿಯೂ ಎತ್ತಿದಳು. ಕಮಾನಿನ ನೆರಳು ಅವರಿಬ್ಬರ ಮೇಲೆ ಬೀಳಲೂ ಇಲ್ಲ.

ಸೋಮವಾರ ಪುಟ್ಟಸ್ವಾಮಿ ಸಿಮೆಂಟು ಕಲಸಿಕೊಂಡು ಅಡುಗೆಮನೆಯ ಗುಂಡಿಯ ಮುಂದೆ ಕೂತು, ಬಾಗ್ಲಲ್ಲಿರೋ ಕಲ್ಲು ತನ್ರಪ್ಪ ಎಂದು ಕೂಗಿದ. ಮಂಚಯ್ಯ ಅವ್ವನ ಕಡೆ ನೋಡುವ ಮೊದಲೇ ರಂಜಿನಿ ಒಳಗೆ ಹೋದಳು.

"ಗುಂಡಿ ಮುಚ್ಚಿ ಟೈಲ್ಸ್ ಹಾಕ್ಬುಡಿ ಮಾಮ," ಎಂದಳು.

"ಮತ್ತೆ ಕಲ್ಲು? ನೀನೇ ಊಳಿ ಅಂತ ಫೋನ್ ಮಾಡಿದ್ದೆ?"

"ಬಾಗ್ಲಲ್ಲೇ ಇರ್ಲಿ. ಲಾರಿ ಬಂದಾಗ ಎತ್ತಕ್ಕೆ ಸಲೀಸು."